ಬಕೆಟ್ ಗುರುತಿಗೆ ನೂರಕ್ಕೆ ನೂರು

ಆ ದಿನದ ರಗಳೆಗೆಲ್ಲ ಮೂಲ ಒಂದು ಹೆಬ್ಬೆರಳು. ಆ ಹೆಬ್ಬೆರಳಿನ ಯಜಮಾನ ಬೀದಿಯ ಕೊನೆಯಲ್ಲಿ ಕನ್ನಡಕದಂಗಡಿ ಇಟ್ಟುಕೊಂಡವನು. ಬೀದಿಯವರೆಲ್ಲ ಅವನನ್ನು ಚಾಳೀಸು ಎಂದೇ ಕರೆಯುತ್ತಿದ್ದರು. ಊರಿಗೆಲ್ಲ ಚಾಳೀಸು ತೊಡಿಸುವ ಈ ಪುಣ್ಯಾತ್ಮ ತಾನು ಮಾತ್ರ ತೊಡುತ್ತಿರಲಿಲ್ಲ. ವಯಸ್ಸು ನಲವತ್ತೈದು ದಾಟಿದ ಮೇಲೆ ಹತ್ತಿರದ ಅಕ್ಷರಗಳೆಲ್ಲ ಅವನಿಗೆ ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ಆದರೆ ‘ತನ್ನ ಕಣ್ಣನ್ನೇ ನೆಟ್ಟಗೆ ಇಟ್ಕೊಳ್ಳದವನು ನಮ್ಮ ಕಣ್ಣು ಏನು ನೋಡ್ತಾನೆ’ ಎಂದು ಗಿರಾಕಿಗಳು ಆಡಿಕೊಂಡಾರು ಎಂಬ ಭಯ. ಹೀಗಾಗಿ ಓದಬೇಕಾದದ್ದನ್ನು ಅವನು ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಕೊರಿಯರಿನವನು ಬೆರಳಿಟ್ಟ ಕಡೆ, ರಸ್ತೆ ರಿಪೇರಿಗೆಂದು ಮನವಿ ಹೊತ್ತು ತಂದವರು ಬೆರಳಿಟ್ಟ ಕಡೆ, ಭಾವಮೈದುನ ಕಾರಿನ ಬಾನೆಟ್ ಮೇಲೆ ಕಾಗದ ಹರವಿ ಬೆರಳಿಟ್ಟ ಕಡೆ, ಎಲ್ಲೆಂದರಲ್ಲಿ ಸಹಿ ಹಾಕಿಬಿಡುತ್ತಿದ್ದ. ಇದುವರೆಗೆ ಯಾರೂ ಮೋಸ ಮಾಡಿರಲಿಲ್ಲ, ಅದೇ ಧೈರ್ಯ.

ಓದುವುದಕ್ಕಿಂತ ಅವನಿಗೆ ಕಷ್ಟವಾದದ್ದು ಇನ್ನೊಂದಿತ್ತು. ಅದು ತನ್ನ ಅಭಿಪ್ರಾಯ ಹೇಳುವುದು. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತಾ “ಇದಾ? ಅದಾ? ಯಾವುದು ಚೆನ್ನಾಗಿ ಕಾಣತ್ತೆ?” ಎಂದು ಕೇಳುವುದು ಅವನ ಕೆಲಸ. ಉತ್ತರ ಕೊಡುವುದು ಎದುರಿಗೆ ಕೂತವರ ಪಾಡು. ವರ್ಷಗಟ್ಟಲೆ ಹೀಗೆ ಕೇಳಿ ಕೇಳಿ, ತನಗೂ ಒಂದು ಉತ್ತರ ಇರಬಹುದು ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಮನೆಯಲ್ಲಿ ಹೆಂಡತಿ ಎರಡು ಸೀರೆ ಹಿಡಿದು “ಯಾವುದು ಉಡಲಿ?” ಎಂದರೆ “ಎರಡೂ ಚೆನ್ನಾಗಿದೆ” ಎನ್ನುತ್ತಿದ್ದ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ಅವನನ್ನು ಮೀರಿಸುವವರು ಬೀದಿಯಲ್ಲಿರಲಿಲ್ಲ.

ಈ ಕಲೆ ಅವನಿಗೆ ಆ ವರ್ಷ ತುಂಬಾ ಬೇಕಾಗಿತ್ತು. ಏಕೆಂದರೆ ವಾರ್ಡಿನ ಚುನಾವಣೆಗೆ ನಿಂತಿದ್ದವರಲ್ಲಿ ಒಬ್ಬರು ಅವನ ಅಂಗಡಿಯ ಓನರಮ್ಮ, ಗುರುತು ಏಣಿ. ಇನ್ನೊಬ್ಬ ಅವನ ಹೆಂಡತಿಯ ಸ್ವಂತ ಅಣ್ಣ, ಗುರುತು ಸೀಟಿ. ಓನರಮ್ಮ ಇರುವುದು ಅಂಗಡಿಯ ಮೇಲಿನ ಮಹಡಿಯಲ್ಲಿ. ಭಾವಮೈದುನ ಇರುವುದು ಹೆಂಡತಿಯ ನಾಲಿಗೆಯ ಮೇಲೆ. ಚಾಳೀಸು, ಮೇಲಿನವರು ಬಂದರೆ ಏಣಿಗೆ ಕೈಮುಗಿದು, ಭಾವಮೈದುನ ಬಂದರೆ ಸೀಟಿಗೆ ನಕ್ಕು, ಹೇಗೋ ದಿನ ದೂಡುತ್ತಿದ್ದ. ಅಷ್ಟರಲ್ಲಿ ಕ್ವಿಜ್ ಬಂತು.

ಆ ಬೆಳಿಗ್ಗೆ ಅದನ್ನು ಹೊತ್ತು ತಂದವನು ಪಕ್ಕದ ಬೇಕರಿಯವನು. ಕೈಗೆಲ್ಲ ಹಿಟ್ಟು, ಆ ಹಿಟ್ಟಿನ ಕೈಯಲ್ಲೇ ಫೋನು.

“ನೋಡಿದ್ಯೇನೋ ಚಾಳೀಸು? ಇಪ್ಪತ್ತು ಪ್ರಶ್ನೆ ಅಷ್ಟೇ. ಉತ್ತರ ಒತ್ತಿದ್ರೆ ನಿನ್ನ ಮನಸ್ಸಿಗೆ ಯಾವ ಕ್ಯಾಂಡಿಡೇಟು ಹತ್ತಿರ ಅಂತ ಇದೇ ಹೇಳತ್ತೆ. ನನಗೆ ಏಣಿ, ನೂರಕ್ಕೆ ಎಂಬತ್ತು!”

“ನಿನಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು. ಆದ್ರೆ ಈಗ ಕಂಪ್ಯೂಟರೇ ಹೇಳ್ತಲ್ಲ! ಬೇರೆ ಮಾತೇ ಇಲ್ಲ.”

ಕ್ವಿಜ್ ತಯಾರಿಸಿದವರು ಬಹಳ ಆದರ್ಶವಾದಿಗಳು. ಜನ ಮುಖ ನೋಡಿ ಮಣೆ ಹಾಕುತ್ತಾರೆಂದು ಅಭ್ಯರ್ಥಿಗಳ ಹೆಸರು, ಫೋಟೋ ಎರಡನ್ನೂ ಮುಚ್ಚಿಟ್ಟು ಗುರುತು ಮಾತ್ರ ತೋರಿಸಿದ್ದರು. ಸಂಜೆ ಶಾಲೆಯ ಸಭಾಂಗಣದಲ್ಲಿ ಸಭೆ. ಅಲ್ಲಿ ದೊಡ್ಡ ಪರದೆಯ ಮೇಲೆ ಎಲ್ಲ ಬಯಲಾಗುತ್ತದೆ. ಏಣಿ ಯಾರು, ಸೀಟಿ ಯಾರು ಎಂದು ಬೀದಿಯ ನಾಯಿಗಳಿಗೂ ಗೊತ್ತಿತ್ತು, ಅದು ಬೇರೆ ಮಾತು. ಭಾವಮೈದುನನ ಕಡೆಯವರು ಊದಿ ಊದಿ ಆ ನಾಯಿಗಳ ನಿದ್ದೆ ಕೆಟ್ಟು ವಾರವಾಗಿತ್ತು.

ಬೇಕರಿಯವನು ಹೋದ ಬೆನ್ನಿಗೇ ಮೆಟ್ಟಿಲಿನಲ್ಲಿ ಓನರಮ್ಮನ ಚಪ್ಪಲಿಯ ಸದ್ದು. ಕೈಯಲ್ಲಿ ಒಂದು ಚೀಲ. ಚಾಳೀಸು ಎದ್ದು ನಿಂತ.

“ಕೂತ್ಕೊಳಪ್ಪ. ನಿನ್ನ ಅಂಗಡಿ ಅಗ್ರಿಮೆಂಟು ಈ ತಿಂಗಳಿಗೆ ಮುಗೀತು. ಹೊಸದು ಟೈಪ್ ಮಾಡಿಸಿದ್ದೀನಿ, ಚೀಲದಲ್ಲೇ ಇದೆ. ಮೊಬೈಲ್ ಕವರ್ ಮಾರೋನೊಬ್ಬ ಅಂಗಡಿ ಬೇಕೂಂತ ದಿನಾ ಬಂದು ಕಾಲು ಹಿಡೀತಾನೆ. ನಾನೇ ಇಲ್ಲ ಅಂದಿದ್ದೀನಿ.”

“ನಿಮ್ಮ ದೊಡ್ಡತನ ಅಮ್ಮ.”

“ದೊಡ್ಡತನ ಏನಿಲ್ಲ. ಬೇಕರಿಯವನು ಬೆಳಿಗ್ಗೆನೇ ಬಂದು ಫೋನ್ ತೋರಿಸಿದ, ಅವನ ಅಂಗಡಿ ಅಗ್ರಿಮೆಂಟಿಗೆ ನಿಂತ ಕಾಲಲ್ಲೇ ಸೈನ್ ಹಾಕಿಕೊಟ್ಟೆ. ನೀನೂ ಆ ಕ್ವಿಜ್ ಮಾಡಿ ತೋರಿಸು. ಸಂಜೆ ಸಭೆ ಮುಗಿದ ಮೇಲೆ ಅಲ್ಲೇ ಸೈನ್ ಹಾಕ್ತೀನಿ.” ಹೊರಟವರು ತಿರುಗಿ ಸೇರಿಸಿದರು: “ಬಲವಂತ ಏನಿಲ್ಲಪ್ಪ. ನಿನ್ನ ಮನಸ್ಸಲ್ಲಿ ಇರೋದನ್ನೇ ಒತ್ತು.”

ಚಾಳೀಸುವಿನ ಜೀವ ಬಾಯಿಗೆ ಬಂತು. ಹೊರಗಿನವರಿಗೆ ಆ ಅಂಗಡಿ ಅಂಥ ಚೆಂದದ್ದೇನಲ್ಲ. ಅಗಲ ಒಂದು ಮಂಚದಷ್ಟು, ಉದ್ದ ಮಾತ್ರ ರೈಲಿನ ಬೋಗಿಯಷ್ಟು. ಆದರೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯನ್ನು ಇಷ್ಟೇ ದೂರದಲ್ಲಿ ತೂಗುಹಾಕಬೇಕು ಎಂಬ ಲೆಕ್ಕವಿದೆ. ಆ ದೂರ ಸಿಗುವ ಅಂಗಡಿ ಆ ಬೀದಿಯಲ್ಲಿ ಅದೊಂದೇ. ಉಳಿದವೆಲ್ಲ ಚೌಕ ಡಬ್ಬಿಗಳು. ಅಲ್ಲಿಗೆ ಹೋದರೆ ಹಲಗೆಯನ್ನು ರಸ್ತೆಯ ಆಚೆ ಬದಿಗೆ ಕಟ್ಟಬೇಕು, ಬಸ್ಸು ಬಂದಾಗಲೆಲ್ಲ ಗಿರಾಕಿ ಕುರುಡನಾಗಬೇಕು. ಈ ಅಂಗಡಿ ಹೋದರೆ ತನ್ನ ಅನ್ನವೇ ಹೋಯಿತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಏಣಿ ಬಂದರೆ ಹೆಂಡತಿ ಮನೆಗೆ ಸೇರಿಸುವುದಿಲ್ಲ. ಸೀಟಿ ಬಂದರೆ ಓನರಮ್ಮ ಅಂಗಡಿಗೆ ಸೇರಿಸುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸುತ್ತಾ ಅವನು ಫೋನ್ ತೆಗೆದ. ಪ್ರಶ್ನೆಗಳು ಎಂದಿನಂತೆ ಇರುವೆ ಸಾಲು. ಆದರೆ ಬೇಕರಿಯವನು ಮೊದಲೇ ಹೇಳಿದ್ದ: ಎಡಕ್ಕೆ ‘ಹೌದು’, ನಡುವೆ ‘ಇಲ್ಲ’, ಬಲಕ್ಕೆ ‘ಹೇಳಲಾರೆ’. ಚಾಳೀಸುವಿಗೆ ಆ ಬಲಗಡೆಯ ಗುಂಡಿಯನ್ನು ಕಂಡು ಕಳೆದುಹೋದ ತಮ್ಮನನ್ನು ಕಂಡಷ್ಟು ಸಂತೋಷವಾಯಿತು. ಪ್ರಶ್ನೆ ಏನೆಂದು ನೋಡದೆ ಹೆಬ್ಬೆರಳಿನಿಂದ ಇಪ್ಪತ್ತು ಸಲವೂ ಅದನ್ನೇ ಒತ್ತಿದ. ಯಾರ ಪಕ್ಷವೂ ಅಲ್ಲ, ಯಾರೂ ಬೇಜಾರು ಮಾಡಿಕೊಳ್ಳುವಂತಿಲ್ಲ.

ಫೋನು ಒಂದು ಸುತ್ತು ಯೋಚಿಸಿ ಒಂದು ಚಿತ್ರ ತೋರಿಸಿತು. ಏಣಿಯೂ ಅಲ್ಲ, ಸೀಟಿಯೂ ಅಲ್ಲ. ಬಕೆಟ್. ಪಕ್ಕದಲ್ಲಿ ಕುರುಡನಿಗೂ ಕಾಣುವಷ್ಟು ದಪ್ಪಕ್ಕೆ: ನೂರಕ್ಕೆ ನೂರು.

“ಅಯ್ಯೋ, ಇದ್ಯಾವುದಿದು ಪೀಡೆ!” ಎಂದು ಚಾಳೀಸು ಗಾಬರಿಯಾಗಿ ಕೆಳಗಿದ್ದ ದೊಡ್ಡ ಹಸಿರು ಗುಂಡಿ ಒತ್ತಿದ. ಅದು ‘ಮುಚ್ಚು’ ಎಂದಿರಬೇಕು ಎಂದು ಅವನ ಊಹೆ. ಅದರ ಮೇಲೆ ಬರೆದಿದ್ದದ್ದು ‘ನನ್ನ ಬಳಗಕ್ಕೆಲ್ಲ ತಿಳಿಸು’.

ಬಳಗ ಎಂದರೆ ಫೋನಿನಲ್ಲಿದ್ದ ಅಷ್ಟೂ ಮಂದಿ. ಓನರಮ್ಮ, ಭಾವಮೈದುನ, ಹೆಂಡತಿ, ಬೇಕರಿಯವನು, ಚೌಕಟ್ಟು ಕಳಿಸುವ ಸಗಟು ವ್ಯಾಪಾರಿ, ಕನ್ನಡಕ ರಿಪೇರಿಗೆ ಕೊಟ್ಟು ವರ್ಷವಾದರೂ ಬಾರದ ಗಿರಾಕಿಗಳು, ಎಲ್ಲರ ಜೇಬಿನಲ್ಲೂ ಬಕೆಟ್ ಠಣ್ ಎಂದಿತು.

ಮೊದಲು ಓಡಿಬಂದವನು ಬೇಕರಿಯವನೇ.

“ಯಾರೋ ಅದು ಬಕೆಟ್ಟು?”

“ನನಗೆ ಗೊತ್ತಿಲ್ಲ ಮಾರಾಯ.”

“ಗೊತ್ತಿಲ್ದೇನೇ ನೂರಕ್ಕೆ ನೂರಾ? ನನ್ನ ಹೆಂಡತಿಗೂ ನನಗೂ ಕ್ವಿಜ್ ಇಟ್ರೆ ಮೂವತ್ತು ದಾಟಲ್ಲ! ನೀನು ಭಾರೀ ಗುಮ್ಮನಗುಸುಕ ಕಣೋ. ಮೇಲಿನವರಿಗೆ ಬಕೆಟ್ ಹಿಡೀತಾನೆ ಅಂತ ನಿನ್ನ ಬಗ್ಗೆ ಜನ ಅಂದಾಗ ನಾನು ನಂಬಿರಲಿಲ್ಲ. ಈಗ ನೋಡಿದ್ರೆ ಬೇರೆ ಯಾರದೋ ಬಕೆಟ್ಟು!”

ಹೆಂಡತಿ ಬರಲಿಲ್ಲ, ಫೋನು ಬಂತು. “ನಮ್ಮಣ್ಣನ್ನ ಬಿಟ್ಟು ಬಕೆಟ್ಟಿಗೆ ಹೋದ್ರಾ? ಸರಿ ಬಿಡಿ. ಮಧ್ಯಾಹ್ನದ ಊಟ ಆ ಬಕೆಟ್ಟಲ್ಲೇ ತರಿಸ್ಕೊಳಿ.”

ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಬಕೆಟ್ಟಿನ ಬಗ್ಗೆ ಕಥೆಗಳು ಬೆಳೆದಿದ್ದವು. ಬಕೆಟ್ಟಿನವನು ಹೊರಗಿನಿಂದ ಬಂದ ಭಾರೀ ಶ್ರೀಮಂತನಂತೆ, ಚಾಳೀಸು ಅವನ ಬಲಗೈಯಂತೆ, ಗೆದ್ದರೆ ವಾರ್ಡಿಗೆಲ್ಲ ಪುಕ್ಕಟೆ ಕನ್ನಡಕವಂತೆ. ಇಬ್ಬರು ಮುದುಕರು ಬಂದು ಹೆಸರು ಬರೆಸಿಕೊಳ್ಳಲು ಕೂತರು. ಅವರನ್ನು ಕಳಿಸುವಷ್ಟರಲ್ಲಿ ಚಾಳೀಸುವಿನ ನಾಲಿಗೆ ಒಣಗಿಹೋಯಿತು.

ಮತ್ತೆ ಕ್ವಿಜ್ ಮಾಡಿ ಏಣಿ ಬರಿಸುವುದೊಂದೇ ದಾರಿ. ಮೊದಲು ಅಂಗಡಿ ಉಳಿಯಲಿ, ಹೆಂಡತಿಯನ್ನು ಆಮೇಲೆ ಸಮಾಧಾನ ಮಾಡಿದರಾಯಿತು. ಆದರೆ ಒಂದು ಫೋನಿಗೆ ಒಂದೇ ಸಲ ಅವಕಾಶ. ಅಷ್ಟರಲ್ಲಿ ಲೈಸೆನ್ಸಿಗೆಂದು ಕಣ್ಣು ತೋರಿಸಲು ಬಸ್ ಡ್ರೈವರ್ ಒಬ್ಬ ಬಂದ. ಚಾಳೀಸು ಅವನನ್ನು ಕೂರಿಸಿ, ಪರೀಕ್ಷೆಯ ಕಬ್ಬಿಣದ ಚೌಕಟ್ಟು ಮೂಗಿಗೇರಿಸಿ, ಎರಡು ಗಾಜು ತುರುಕಿದ.

“ನಿಮ್ಮ ಫೋನಲ್ಲಿ ಒಂದು ಕ್ವಿಜ್ ಇದೆ, ತೆಗೀರಿ. ಪ್ರಶ್ನೆ ಗಟ್ಟಿಯಾಗಿ ಓದಿ. ಹತ್ತಿರದ ದೃಷ್ಟಿ ನೋಡಬೇಕು.”

ಡ್ರೈವರ್ ಓದಿದ. “ಹಳೇ ಟಾಕೀಸು ಕೆಡವಿದ ಜಾಗದಲ್ಲಿ ವಾಹನ ನಿಲ್ದಾಣ ಮಾಡಬೇಕೆ?”

ಚಾಳೀಸು ಯೋಚಿಸಿದ. ಓನರಮ್ಮ ಏನನ್ನುತ್ತಾರೆ? ಅವರ ಕರಪತ್ರದ ಕಟ್ಟೇ ಅವನ ಮೇಜಿನ ಮೇಲಿತ್ತು. ಅದರಲ್ಲಿ ಅರ್ಧದಷ್ಟನ್ನು ಅವನು ಗಾಜು ಒರೆಸಲು ಬಳಸಿ ಮುಗಿಸಿದ್ದ, ಒಂದನ್ನೂ ಓದಿರಲಿಲ್ಲ. ಸರಿ, ಊಹೆಯೇ ಗತಿ. ಅವರಿಗೆ ಕಾರಿದೆ. “ಹೌದು ಅಂತ ಒತ್ತಿ.”

“ಬೀದಿನಾಯಿಗಳನ್ನು ಊರಾಚೆ ಸಾಗಿಸಬೇಕೆ?”

ಮಹಡಿಯಿಂದ ಓನರಮ್ಮ ಬೆಳಿಗ್ಗೆ ಬೆಳಿಗ್ಗೆ ನಾಯಿಗಳ ಮೇಲೆ ಕೂಗಾಡುವುದು ಅವನಿಗೆ ದಿನಾ ಕೇಳಿಸುತ್ತಿತ್ತು. “ಹೌದು.”

“ಗ್ರಂಥಾಲಯ ಭಾನುವಾರವೂ ತೆರೆದಿರಬೇಕೆ?”

ಬಾಡಿಗೆ ಬಿಟ್ಟರೆ ಬೇರೇನೂ ಓದುವವರ ಹಾಗೆ ಅವರು ಕಾಣುವುದಿಲ್ಲ. “ಬೇಡ.”

“ಫುಟ್‌ಪಾತಿನಲ್ಲಿ ತಳ್ಳುಗಾಡಿಗಳು ಇರಬಹುದೆ? ಅಲ್ರೀ, ಇದು ನಿಮ್ಮ ಟೆಸ್ಟೋ ನನ್ನ ಟೆಸ್ಟೋ?”

“ಇಬ್ಬರದೂ ಅಂದ್ಕೊಳಿ. ಇಲ್ಲ ಅಂತ ಒತ್ತಿ, ಮುಂದಿನದು ಓದಿ.”

ಹೀಗೆ ಇಪ್ಪತ್ತೂ ಮುಗಿಯಿತು. ಡ್ರೈವರ್ ಚೌಕಟ್ಟು ಸರಿಮಾಡಿಕೊಂಡು ಇಣುಕಿದ. “ಸೀಟಿ. ತೊಂಬತ್ತು.”

“ಏಣಿ ಅಲ್ವಾ? ಸರಿಯಾಗಿ ನೋಡ್ರೀ!”

“ನೀವೇ ಗಾಜು ಹಾಕಿದ್ದೀರಿ, ನೀವೇ ನೋಡ್ರೀ!”

ಚಾಳೀಸು ಫೋನನ್ನು ಕೈಯುದ್ದ ದೂರಕ್ಕೆ ಹಿಡಿದು ನೋಡುತ್ತಿರುವಾಗಲೇ ಕಿವಿ ತೂತಾಗುವ ಹಾಗೆ ಸೀಟಿ ಕೇಳಿಸಿತು. ಬಾಗಿಲಲ್ಲಿ ಭಾವಮೈದುನ, ಹಿಂದೆ ಅವನ ಊದುವ ಪಡೆ. ಬಕೆಟ್ ವಿಷಯಕ್ಕೆ ಜಗಳವಾಡಲೆಂದೇ ಬಂದಿದ್ದವನು ಭಾವನ ಕೈಯಲ್ಲಿ ಹೊಳೆಯುತ್ತಿದ್ದ ಸೀಟಿಯನ್ನು ಕಂಡು ಅಲ್ಲೇ ಕರಗಿಹೋದ.

“ಭಾವಾ! ಎರಡನೇ ಸಲ ಮಾಡಿದ್ರಾ? ನನಗೋಸ್ಕರ? ತೊಂಬತ್ತು! ರಕ್ತಸಂಬಂಧ ಅಂದ್ರೆ ಇದು!”

“ನಿಮಗೂ ನನಗೂ ಯಾವ ರಕ್ತಸಂಬಂಧ...”

ಮಾತು ಮುಗಿಯುವುದರೊಳಗೆ ಭಾವಮೈದುನ ಅವನನ್ನು ಎತ್ತಿ ಅಪ್ಪಿಕೊಂಡು ಬೀದಿಗೆ ತಂದಿದ್ದ. ಕೊರಳಿಗೊಂದು ಸೀಟಿ ಬಿತ್ತು. ಪಡೆಯವರೆಲ್ಲ ಒಟ್ಟಿಗೆ ಊದಿದರು. ಯಾರೋ ಫೋಟೋ ತೆಗೆದರು. ಚಾಳೀಸು ತಲೆಯೆತ್ತಿ ನೋಡಿದರೆ ಮಹಡಿಯ ಕಟಾಂಜನಕ್ಕೆ ಒರಗಿ ಓನರಮ್ಮ ನಿಂತಿದ್ದರು. ಅವರ ಹಿಂದೆ ಮೊಬೈಲ್ ಕವರಿನವನು ಹಲ್ಲು ಕಿರಿಯುತ್ತಿದ್ದ. ಓನರಮ್ಮ ಅವನನ್ನು ಕರೆದುಕೊಂಡು ಒಳಗೆ ಹೋದರು.

ಡ್ರೈವರ್ ಮಾತ್ರ ಕಬ್ಬಿಣದ ಚೌಕಟ್ಟು ಹಾಕಿಕೊಂಡೇ ಬಾಗಿಲಿಗೆ ಬಂದು, “ಹಾಗಾದ್ರೆ ನನ್ನ ಕಣ್ಣು ಪಾಸಾಯ್ತಾ?” ಎಂದು ಕೇಳುತ್ತಿದ್ದ.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷತೆ ನಿವೃತ್ತ ಹೆಡ್‌ಮಾಸ್ಟರರದು. ಕ್ವಿಜ್ ತಯಾರಿಸಿದ ಹುಡುಗಿ ವೇದಿಕೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದಳು. ಏಣಿಯ ಕಡೆಯವರು ಬಲಕ್ಕೆ, ಸೀಟಿಯ ಕಡೆಯವರು ಎಡಕ್ಕೆ. ಚಾಳೀಸು ಕೊನೆಯ ಸಾಲಿನ ನಟ್ಟನಡುವೆ ಜಾಗ ಹಿಡಿದ. ಪಕ್ಕದಲ್ಲಿ ಮುಖ ಊದಿಸಿಕೊಂಡ ಹೆಂಡತಿ. ಓನರಮ್ಮನಿಗೆ ಸಭೆ ಮುಗಿದ ಮೇಲೆ ಎಲ್ಲ ಬಿಡಿಸಿ ಹೇಳಬೇಕು, ಬೇಕಾದರೆ ಕಾಲಿಗೆ ಬೀಳಬೇಕು ಎಂದು ಅವನು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದ. ಚೀಲ ಓನರಮ್ಮನ ತೊಡೆಯ ಮೇಲಿತ್ತು. ಅದರಿಂದ ಕಣ್ಣು ಕೀಳಲು ಅವನಿಗೆ ಆಗಲಿಲ್ಲ.

ಹುಡುಗಿ ಮೈಕ್ ಹಿಡಿದಳು. “ನಮ್ಮ ವಾರ್ಡಿನ ಜನರ ಮನಸ್ಸಿಗೆ ಅತಿ ಹತ್ತಿರವಾದ ಅಭ್ಯರ್ಥಿ ಯಾರು ಅಂತ ಈಗ ನೋಡೋಣ.”

ಪರದೆಯ ಮೇಲೆ ಮೂರು ಕಂಬ ಎದ್ದವು. ಏಣಿಯದು ಮೊಣಕಾಲಿನವರೆಗೆ ಬಂದು ನಿಂತಿತು, ಸೀಟಿಯದೂ ಅಷ್ಟೇ. ಮೂರನೆಯದು ಏರಿ ಏರಿ ಪರದೆಯ ನೆತ್ತಿ ಮುಟ್ಟಿತು. ಬಕೆಟ್.

ಎಲ್ಲರೂ ಎಲ್ಲರನ್ನೂ ನೋಡಿದರು. ಓನರಮ್ಮನ ಬಾಡಿಗೆದಾರರು ಓನರಮ್ಮನನ್ನು ಬಿಟ್ಟು ಉಳಿದದ್ದೆಲ್ಲವನ್ನೂ ನೋಡಿದರು. ಸೀಟಿಯವನ ನೆಂಟರು ಚಾವಣಿಯ ಫ್ಯಾನು ಎಣಿಸತೊಡಗಿದರು. ತಾನೊಬ್ಬನೇ ಜಾಣ ಎಂದುಕೊಂಡು ಬಲಗಡೆಯ ಗುಂಡಿ ಒತ್ತಿದವರು ವಾರ್ಡಿನಲ್ಲಿ ಅಷ್ಟೊಂದು ಜನವಿದ್ದರು.

“ಈ ಬಕೆಟ್ ಗುರುತಿನ ಮಹಾನುಭಾವರು ವೇದಿಕೆಗೆ ಬರಬೇಕು,” ಎಂದು ಹೆಡ್‌ಮಾಸ್ಟರು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಹಾಜರಿ ತೆಗೆದುಕೊಂಡ ಅಭ್ಯಾಸ, ಮೂರನೆಯ ಸಲ ಗದರಿಯೇ ಕರೆದರು.

“ಸರ್, ಚುನಾವಣಾ ಕಚೇರಿ ಕೊಟ್ಟ ಫೋಟೋ ಇದೆ, ಹಾಕ್ತೀನಿ,” ಎಂದಳು ಹುಡುಗಿ.

ಪರದೆಯ ತುಂಬ ಒಂದು ಮುಖ ಬಂತು. ಕಣ್ಣು ಅರಳಿಸಿ, ಕಿವಿ ನಿಗುರಿಸಿ, ಪೊಲೀಸರ ಕೈಗೆ ಈಗತಾನೆ ಸಿಕ್ಕವನಂತೆ ಕಾಣುವ ಮುಖ. ಚಾಳೀಸುವಿಗೆ ದೂರದ ದೃಷ್ಟಿ ಚೆನ್ನಾಗಿಯೇ ಇತ್ತು. ‘ಪಾಪ, ಯಾರೋ ಪೆದ್ದನ ಹಾಗಿದ್ದಾನೆ, ಎಲ್ಲೋ ನೋಡಿದ್ದೀನಲ್ಲ’ ಎಂದುಕೊಳ್ಳುವಷ್ಟರಲ್ಲಿ ಹೆಂಡತಿ ಪಕ್ಕೆಗೆ ತಿವಿದಳು.

“ರೀ, ಅದು ನೀವು!”

ಮುಂದಿನ ಸಾಲಿನಲ್ಲಿ ಭಾವಮೈದುನ ಹಣೆ ಹಣೆ ಚಚ್ಚಿಕೊಂಡ. “ಅಯ್ಯಯ್ಯೋ! ಡಮ್ಮಿ! ವಾಪಸ್ ತಗೊಳ್ಳೋದೇ ಮರೆತುಬಿಟ್ಟೆನಲ್ಲ!”

“ಏನ್ ಡಮ್ಮಿ?” ಹೆಡ್‌ಮಾಸ್ಟರ ಪ್ರಶ್ನೆ.

“ಅದೇ ಸಾರ್, ನನ್ನ ಅರ್ಜಿ ತಿರಸ್ಕಾರ ಆಗಿಬಿಟ್ರೆ ಅಂತ ಭಾವನ ಹೆಸರಲ್ಲೂ ಒಂದು ಹಾಕಿದ್ದೆ. ಗಾಡಿಗೆ ಸ್ಟೆಪ್ನಿ ಇರಲ್ವಾ, ಹಾಗೆ. ಕಾರಿನ ಬಾನೆಟ್ ಮೇಲೆ ಸೈನ್ ಮಾಡಿಸ್ಕೊಂಡಿದ್ದೆ, ಒಂದು ಫೋಟೋನೂ ಇಸ್ಕೊಂಡಿದ್ದೆ. ಕೊನೇ ದಿನದೊಳಗೆ ವಾಪಸ್ ತಗೋಬೇಕಿತ್ತು. ಸೀಟಿ ಹಂಚೋ ಗಡಿಬಿಡೀಲಿ ತಲೆಯಿಂದ ಹಾರಿಹೋಯ್ತು.”

ಓನರಮ್ಮ ನಿಧಾನವಾಗಿ ತಿರುಗಿದರು. “ನನ್ನ ಅಂಗಡಿಯಲ್ಲಿ ಕೂತು ನನಗೆದುರಾಗೇ ನಿಂತ್ಯೇನೋ! ಉಪ್ಪು ತಿಂದ ಮನೆಗೆ ಎರಡು ಬಗೆದ್ಯಾ?”

“ಅಮ್ಮ, ದೇವರಾಣೆ ನನಗೆ ಗೊತ್ತಿರಲಿಲ್ಲ...”

ಅವನನ್ನು ಯಾರು ಎಬ್ಬಿಸಿದರೋ, ಯಾರು ತಳ್ಳಿದರೋ, ಚಾಳೀಸು ವೇದಿಕೆಯ ಮೇಲಿದ್ದ. ಹುಡುಗಿ ಅವನನ್ನು ಕಂಡು ಬಹಳ ಸಂತೋಷಪಟ್ಟಳು.

“ಸರ್, ನೀವು ನಮ್ಮ ಪ್ರಶ್ನೆಗಳಿಗೆ ಉತ್ತರಾನೇ ಕಳಿಸಿರಲಿಲ್ಲ. ಕಳಿಸದವರಿಗೆ ಕಂಪ್ಯೂಟರು ಎಲ್ಲಾದಕ್ಕೂ ‘ಹೇಳಲಾರೆ’ ಅಂತ ತುಂಬಿಕೊಳ್ಳತ್ತೆ. ಈಗ ಎಲ್ಲರ ಮುಂದೆ ಹೇಳಿಬಿಡಿ.”

“ಅವನೇನು ಹೇಳ್ತಾನೆ!” ಓನರಮ್ಮ ಕೆಳಗಿನಿಂದಲೇ ಕೂಗಿದರು. “ನಾಲಿಗೆ ಅನ್ನೋದು ಇದ್ರೆ ತಾನೆ? ಇದಾ, ಅದಾ ಅನ್ನೋದು ಬಿಟ್ಟು ಬೇರೆ ಒಂದು ಮಾತು ಬರಲ್ಲ ಅವನಿಗೆ!”

ಸಭೆ ಘೊಳ್ಳೆಂದು ನಕ್ಕಿತು. ಹೆಂಡತಿಯೂ ನಕ್ಕದ್ದು ಚಾಳೀಸುವಿಗೆ ವೇದಿಕೆಯಿಂದ ಸ್ಪಷ್ಟವಾಗಿ ಕಾಣಿಸಿತು. ಅವನಿಗೆ ಸಿಟ್ಟು ಬಂತು. ಎಷ್ಟೋ ವರ್ಷಗಳಿಂದ ಬಾರದೆ ಉಳಿದದ್ದೆಲ್ಲ ಕೂಡಿ ಬಂದಂಥ ಸಿಟ್ಟು. ಅಂಗಡಿ ಹೇಗೂ ಹೋಯಿತು, ಇನ್ನು ಯಾರ ಹಂಗು! ಈ ಹೆಂಗಸಿಗೆ ಎದುರಾಗಿ ನನ್ನ ಮನಸ್ಸಿನಲ್ಲಿರುವುದನ್ನೇ ಒದರಿಬಿಡುತ್ತೇನೆ ಎಂದುಕೊಂಡ.

“ಕೇಳಮ್ಮ ಪ್ರಶ್ನೆ,” ಎಂದ.

“ಹಳೇ ಟಾಕೀಸು ಜಾಗದಲ್ಲಿ ವಾಹನ ನಿಲ್ದಾಣ?”

“ಖಂಡಿತ ಬೇಡ! ಪಾರ್ಕು ಮಾಡಿ. ಮುದುಕರು ಎಲ್ಲಿ ಓಡಾಡಬೇಕು, ಕಾರಿನ ಮೇಲೆ ಹತ್ತಿ ಓಡಾಡಬೇಕಾ?”

ಚಪ್ಪಾಳೆ ಬಿತ್ತು. ಚಪ್ಪಾಳೆ ಬಲಗಡೆಯಿಂದ ಬಂತು, ಅದು ಅವನಿಗೆ ಗೊತ್ತಾಗಲಿಲ್ಲ.

“ಬೀದಿನಾಯಿ?”

“ಅವೆಲ್ಲಿಗೆ ಹೋಗ್ತವೆ ಪಾಪ? ಚುಚ್ಚುಮದ್ದು ಹಾಕ್ಸಿ, ಇಲ್ಲೇ ಇರಲಿ. ಅವಕ್ಕಿಂತ ಜಾಸ್ತಿ ಈ ಸೀಟಿಯವರು ಗಲಾಟೆ ಮಾಡ್ತಾರೆ!”

ಗ್ರಂಥಾಲಯ ಭಾನುವಾರ ತೆರೆದಿರಲೇಬೇಕು ಎಂದ. ತಳ್ಳುಗಾಡಿಯವರ ಹೊಟ್ಟೆ ಮೇಲೆ ಹೊಡೆಯಬಾರದು ಎಂದ. ಕಸದ ಲಾರಿ ಬೆಳಗಾಗುವ ಮುಂಚೆ ಬರಬೇಕು ಎಂದ. ಮೇಜು ಗುದ್ದಿದ. ಇಪ್ಪತ್ತೂ ಪ್ರಶ್ನೆಗೆ ಇಪ್ಪತ್ತು ಉತ್ತರ, ಒಂದಕ್ಕೂ ತಡವರಿಸಲಿಲ್ಲ. ತನ್ನೊಳಗೆ ಇಷ್ಟೊಂದು ಅಭಿಪ್ರಾಯಗಳು ಇದ್ದವೇ ಎಂದು ಅವನಿಗೇ ಆಶ್ಚರ್ಯವಾಯಿತು, ಒಂಥರಾ ಖುಷಿಯೂ ಆಯಿತು. ಹುಡುಗಿ ಪಟಪಟ ಒತ್ತುತ್ತಾ ಹೋದಳು.

ಪರದೆಯ ಮೇಲೆ ಬಕೆಟ್ಟಿನ ಕಂಬ ಸರ್ರನೆ ಕುಸಿಯಿತು. ಬಕೆಟ್ಟಿಗೊಂದು ಅಭಿಪ್ರಾಯ ಬಂದ ಕೂಡಲೇ ಅಭಿಪ್ರಾಯವಿಲ್ಲದ ಅಷ್ಟೂ ಮಂದಿ ಅದನ್ನು ಬಿಟ್ಟುಹೋಗಿದ್ದರು. ಕಂಬ ಇಳಿದು ಇಳಿದು ಏಣಿಯ ಪಕ್ಕಕ್ಕೆ ಬಂದು, ಅದರದೇ ಎತ್ತರಕ್ಕೆ ನಿಂತಿತು.

“ಆಶ್ಚರ್ಯ!” ಹುಡುಗಿ ಮೈಕಿನಲ್ಲಿ ಕೂಗಿದಳು. “ಏಣಿಯವರ ಉತ್ತರ, ಬಕೆಟ್ಟಿನವರ ಉತ್ತರ ಇಪ್ಪತ್ತಕ್ಕೆ ಇಪ್ಪತ್ತೂ ಒಂದೇ! ನೂರಕ್ಕೆ ನೂರು!”

ಓನರಮ್ಮ ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತಿದ್ದರು. ಮುಖ ಕೆಂಪಾಗಿತ್ತು.

“ನಾಯಿಗೆ ದಿನಾ ಅನ್ನ ಹಾಕೋಳು ನಾನು. ಜಗಳ ಆಡದೆ ಸಾಲಾಗಿ ತಿನ್ನಿ ಅಂತ ಕೂಗ್ತೀನಿ, ಅದು ಬೀದಿಗೆಲ್ಲ ಗೊತ್ತು. ಪಾರ್ಕು ನನ್ನದು, ಲೈಬ್ರರಿ ನನ್ನದು, ತಳ್ಳುಗಾಡಿ ನನ್ನದು. ಅಂಗಡಿ ಕೊಟ್ಟಿದ್ದಕ್ಕೆ ನನ್ನ ಅಭಿಪ್ರಾಯಾನೂ ಕದ್ದುಕೊಂಡು ನಿಂತ್ಯಲ್ಲೋ!”

“ಅಮ್ಮ, ಕದ್ದಿಲ್ಲ. ಅದು ನನ್ನ ಮನಸ್ಸಲ್ಲಿ ಇದ್ದದ್ದೇ...”

“ಇದ್ದದ್ದೇ ಆದ್ರೆ ಬೆಳಿಗ್ಗೆ ಯಾಕೋ ಒತ್ತಲಿಲ್ಲ? ಬೇಕರಿಯವನಿಗೆ ಎಂಬತ್ತಕ್ಕೇ ಸೈನ್ ಹಾಕಿದ್ದೆ. ನೀನು ನೂರಕ್ಕೆ ನೂರು ತಂದಿದ್ರೆ ನಿಂತ ಕಾಲಲ್ಲೇ ಹಾಕ್ತಿದ್ದೆ! ಈಗ ನನ್ನ ಮಾತನ್ನೇ ಹೇಳ್ಕೊಂಡು ನನ್ನ ವೋಟೇ ಒಡೀತೀಯ. ನಿನ್ನಂಥೋನನ್ನ ಕೆಳಗಿಟ್ಕೊಂಡು ಮೇಲೆ ನಾನು ಹೇಗೆ ನಿದ್ದೆ ಮಾಡ್ಲಿ?”

ಅವರು ಚೀಲದಿಂದ ಅಗ್ರಿಮೆಂಟು ತೆಗೆದು, ಹಿಂದಿನ ಸಾಲಿನಲ್ಲಿ ಕಾಯುತ್ತಿದ್ದ ಮೊಬೈಲ್ ಕವರಿನವನನ್ನು ಬೆರಳಾಡಿಸಿ ಕರೆದರು. ಚಾಳೀಸುವಿನ ಹೆಸರನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದ್ದು ಅವನಿಗೆ ಅಷ್ಟು ದೂರದಿಂದಲೂ ಚೆನ್ನಾಗಿ ಕಾಣಿಸಿತು.

ಕೆಳಗಿಳಿದರೆ ಭಾವಮೈದುನ ಕಾಯುತ್ತಿದ್ದ. ಕೊರಳಿಗೆ ತಾನೇ ಹಾಕಿದ್ದ ಸೀಟಿಯನ್ನು ತಾನೇ ಬಿಚ್ಚಿಕೊಂಡ. “ನಾಯಿಗಿಂತ ಜಾಸ್ತಿ ನಾವು ಗಲಾಟೆ ಮಾಡ್ತೀವಾ ಭಾವ? ಇರಲಿ. ಇನ್ಮೇಲೆ ಮನೆ ಕಡೆ ಬಂದೀರ!”

ಗಂಡ ಹೆಂಡತಿ ನಡೆದು ಮನೆಗೆ ಹೊರಟರು. ಅಂಗಡಿಯ ಮುಂದೆ ಬಂದಾಗ ಚಾಳೀಸು ನಿಂತ. ಗಾಜಿನ ಬಾಗಿಲಿನಾಚೆ, ಆ ಉದ್ದನೆಯ ಕೋಣೆಯ ತುದಿಯಲ್ಲಿ ಅಕ್ಷರದ ಹಲಗೆ ತೂಗುತ್ತಿತ್ತು. ಕೊನೆಯ ಸಾಲಿನ ಸಣ್ಣಕ್ಷರದವರೆಗೂ ಅವನು ಅಲ್ಲಿಂದಲೇ ಓದಬಲ್ಲವನಾಗಿದ್ದ.

“ಜನ್ಮದಲ್ಲಿ ಒಂದು ಸಲ ಬಾಯಿ ಬಿಟ್ರಿ,” ಎಂದಳು ಹೆಂಡತಿ. ದನಿಯಲ್ಲಿ ಸಿಟ್ಟು ಅಷ್ಟಾಗಿ ಇರಲಿಲ್ಲ. “ಅದೂ ಬಿಡಬಾರದ ಹೊತ್ತಲ್ಲಿ.”

“ಹೋಗಲಿ, ಚೆನ್ನಾಗಿ ಮಾತಾಡಿದೆನಾ?”

“ಮೇಜು ಗುದ್ದಿದ್ದು ಚೆನ್ನಾಗಿತ್ತು.”

ಚಾಳೀಸುವಿಗೆ ಸ್ವಲ್ಪ ಜೀವ ಬಂತು. ಅಂಗಡಿ ಹೋಯಿತು, ನೆಂಟಸ್ತನ ಹೋಯಿತು, ಇನ್ನು ಉಳಿದಿರುವುದು ಚುನಾವಣೆಯೊಂದೇ. ಹೇಗೂ ನಿಂತಾಗಿದೆ, ವಾಪಸ್ ತೆಗೆದುಕೊಳ್ಳುವ ಹಾಗೂ ಇಲ್ಲ. ಅವನು ಹೆಂಡತಿಯ ಕಡೆ ತಿರುಗಿ, ಸಂಕೋಚಪಡುತ್ತಾ ಕೇಳಿದ:

“ಅಲ್ವೇ, ಊರವರು ಏನಾದ್ರೂ ಮಾಡ್ಕೊಳ್ಲಿ. ನೀನಾದ್ರೂ ನನಗೆ ವೋಟು ಹಾಕ್ತೀಯಾ ತಾನೆ?”

ಹೆಂಡತಿ ಗಂಡನ ಮುಖ ನೋಡಿದಳು. ಆಚೆ ಗೋಡೆಯ ಮೇಲೆ ಅಂಟಿಸಿದ್ದ ಅಣ್ಣನ ಚಿತ್ರ ನೋಡಿದಳು. ಸೆರಗು ಸರಿಮಾಡಿಕೊಂಡು ಮುಂದಕ್ಕೆ ಹೆಜ್ಜೆ ಹಾಕುತ್ತಾ ಅಂದಳು:

“ಹೇಳಲಾರೆ.”